ಕಾರ್ಪೆಟ್ ಕಿತ್ತ ನೆಲದ ಅಂಟಿನ ಮೇಲೆ ಲೆವೆಲಿಂಗ್ ಸುರಿಯಲು ಬಿಡಬೇಡಿ

ಹಳೇ ಕಾರ್ಪೆಟ್ ತೆಗೆಸಿ, ಕೆಳಗಿನ ಕಾಂಕ್ರೀಟ್ ಸರಿಮಾಡಿಸಿ ಟೈಲ್ಸನ್ನೋ ವಿನೈಲನ್ನೋ ಹಾಕಿಸುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಂಟು ತೆಗೆಯದೆ, ತೇವ ನೋಡದೆ ಮೇಲೆ ಸೆಲ್ಫ್ ಲೆವೆಲಿಂಗ್ (ಸುರಿದರೆ ತಾನೇ ಹರಡಿ ನೆಲ ಸಮಮಾಡುವ ಸಿಮೆಂಟ್ ಮಿಶ್ರಣ) ಸುರಿದು ಹೋಗುವವರಿದ್ದಾರೆ. ನಮ್ಮಲ್ಲಿ ಹಾಗೇ ಆಯಿತು. ಹಾಕಿದ್ದನ್ನೆಲ್ಲ ಒಡೆಸಿ ಮೊದಲಿನಿಂದ ಮಾಡಿಸಬೇಕಾಯಿತು.

ಕಾರ್ಪೆಟ್ ಎದ್ದ ಮೇಲೆ ಕಂಡ ನೆಲ ಚೆನ್ನಾಗೇನೂ ಇರಲಿಲ್ಲ. ಕಾರ್ಪೆಟ್ ಹಿಡಿದಿಡಲು ಗೋಡೆಯಂಚಿಗೆ ಹೊಡೆದಿದ್ದ ಮೊಳೆಪಟ್ಟಿಗಳನ್ನು ಮೀಟಿದ ಕಡೆಯೆಲ್ಲ ಮೊಳೆಯ ಜೊತೆ ಕಾಂಕ್ರೀಟಿನ ಚಕ್ಕೆಯೂ ಎದ್ದು ಅಂಗೈಯಗಲದ ಗುಳಿ ಬಿದ್ದಿತ್ತು. ನಡುವೆ ಹಳದಿ ಅಂಟು, ಹಲ್ಲಿನ ಕರಣೆಯಲ್ಲಿ ಎಳೆದ ಗೆರೆಗಳು ಹಾಗ್ಹಾಗೇ ಒಣಗಿ ಕೂತಿದ್ದವು. ಅಂಟು ಕೆರೆದು ತೆಗೆಯಬೇಕಲ್ಲವೇ ಎಂದು ಕೇಳಿದೆ. "ಬೇಡ ಸರ್, ಅಂಟಿದ್ದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ, ಎಲ್ಲ ಮುಚ್ಚಿಹೋಗುತ್ತೆ" ಎಂದರು ಕೆಲಸ ಒಪ್ಪಿಕೊಂಡವರು. ಮಿಶ್ರಣ ಸುರಿಯುವ ಮೊದಲು ಕಾಂಕ್ರೀಟಿಗೆ ಬಳಿಯುವ ಪ್ರೈಮರ್ ಹಾಕಲಿಲ್ಲ. ನೀರನ್ನು ಅಳತೆಯಿಲ್ಲದೆ ಬಕೆಟ್‌ನಿಂದ ಕಣ್ಣಂದಾಜಿನಲ್ಲಿ ಸುರಿದು ಕಲಸಿದರು.

ಮೊದಮೊದಲು ನೋಡಲು ನುಣುಪಾಗಿಯೇ ಇತ್ತು. ಆಮೇಲೆ ಸಣ್ಣ ಸಣ್ಣ ಬಿರುಕು ಕಾಣಿಸಿದವು, ಗೋಡೆಯ ಹತ್ತಿರ ಕಾಲಿಟ್ಟರೆ ಕರಕರ ಸದ್ದು. ತಟ್ಟಿ ನೋಡಿದರೆ ಟೊಳ್ಳು. ಬಿರುಕಿನ ಸಂದಿಗೆ ಪುಟ್ಟಿ ಬ್ಲೇಡ್ ಹಾಕಿ ಎತ್ತಿದಾಗ ಏನೂ ಬಲ ಬೇಕಾಗಲಿಲ್ಲ, ದೊಡ್ಡ ತುಂಡೇ ಕೈಗೆ ಬಂತು. ಮಗುಚಿದರೆ ಅದರ ಹಿಂಬದಿಯಲ್ಲಿ ಅಂಟಿನ ಅದೇ ಗೆರೆಗಳ ಅಚ್ಚು, ಅಲ್ಲಲ್ಲಿ ಹಳದಿ ಸಿಪ್ಪೆ. ಅದು ಕಾಂಕ್ರೀಟನ್ನು ಹಿಡಿದೇ ಇರಲಿಲ್ಲ.

ಹಿಡಿಯುವುದಾದರೂ ಹೇಗೆ? ಲೆವೆಲಿಂಗ್ ಮಿಶ್ರಣ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಇಳಿದು ಕಚ್ಚಿಕೊಳ್ಳಬೇಕು, ಅಂಟು ಆ ರಂಧ್ರಗಳನ್ನೇ ಮುಚ್ಚಿರುತ್ತದೆ. ಒಣಗುವಾಗ ಮಿಶ್ರಣ ತುಸು ಕುಗ್ಗುತ್ತದೆ. ಆ ಎಳೆತಕ್ಕೆ ಕೆಳಗಿನ ಮೆತ್ತನೆಯ ಅಂಟು ತಡೆಯದೆ ಬಿಟ್ಟುಕೊಡುತ್ತದೆ. ನೀರು ಹೆಚ್ಚಾದರೆ ಮೇಲ್ಪದರ ಪುಡಿಪುಡಿ. ಪ್ರೈಮರ್ ಇಲ್ಲದಿದ್ದರೆ ಒಣ ಕಾಂಕ್ರೀಟು ಮಿಶ್ರಣದ ನೀರನ್ನೇ ಹೀರಿಬಿಡುತ್ತದೆ, ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬಂದು ಸೂಜಿಮೊನೆಯಂಥ ತೂತು ಬೀಳುತ್ತವೆ.

ಎರಡನೇ ಸಲ ಬಂದವರು ಅಂಟನ್ನು ಪೂರ್ತಿ ಕೆರೆದು, ಉಳಿದದ್ದನ್ನು ಗ್ರೈಂಡರ್‌ನಲ್ಲಿ ತೆಗೆದರು. ನಂತರ ನೆಲದ ಮೇಲೆ ಅಲ್ಲಲ್ಲಿ ನೀರಿನ ಹನಿ ಬಿಟ್ಟು ತೋರಿಸಿದರು. ಹನಿ ಇಂಗಿ ಕಾಂಕ್ರೀಟ್ ಕಪ್ಪಾದರೆ ಸರಿ, ಮಣಿಯ ಹಾಗೆ ಮೇಲೇ ನಿಂತರೆ ಅಲ್ಲಿ ಇನ್ನೂ ಅಂಟೋ ಎಣ್ಣೆಯೋ ಇದೆ ಎಂದರ್ಥ. ಇಷ್ಟು ಸುಲಭದ ಪರೀಕ್ಷೆ, ನೀವೇ ಮಾಡಬಹುದು. ಅಂಟು ಕರಗಿಸುವ ದ್ರಾವಣ ಮಾತ್ರ ಅವರು ಮುಟ್ಟಲಿಲ್ಲ. ಅದು ರಂಧ್ರಗಳಿಗೆ ಇಳಿದು ಉಳಿದುಬಿಟ್ಟರೆ ಮೇಲೆ ಹಾಕಿದ್ದು ಮತ್ತೆ ಬಿಟ್ಟುಕೊಳ್ಳುತ್ತದಂತೆ.

ತೇವದ ವಿಷಯ ಇನ್ನೂ ಮುಖ್ಯ. ಮಣ್ಣಿನ ಮೇಲೇ ಹಾಕಿದ ಕಾಂಕ್ರೀಟಿನಲ್ಲಿ ಕೆಳಗಿನ ತೇವ ಆವಿಯಾಗಿ ಮೇಲೆ ಬರುತ್ತಲೇ ಇರಬಹುದು. ಕಾರ್ಪೆಟ್ ಅದನ್ನು ಹಾಯಲು ಬಿಡುವುದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ವಿನೈಲ್ ಹಾಕಿದ ದಿನದಿಂದ ಅದಕ್ಕೆ ದಾರಿಯಿಲ್ಲ, ಅಂಟು ಕೊಳೆಯುತ್ತದೆ, ಅಂಚು ಏಳುತ್ತದೆ. ಸುಮಾರು 46 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯಿರಿ. ಒಳಗೆ ಹನಿ ಕಟ್ಟಿದ್ದರೆ, ನೆಲದ ಬಣ್ಣ ಗಾಢವಾಗಿದ್ದರೆ ಕೆಲಸ ನಿಲ್ಲಿಸಿ. ಒಣಗಿದಂತೆ ಕಂಡರೂ, ದುಬಾರಿ ನೆಲ ಹಾಕಿಸುವುದಾದರೆ ಕಾಂಕ್ರೀಟಿನಲ್ಲಿ ತೂತು ಕೊರೆದು ಮೀಟರ್ ಇಟ್ಟು ಅಳೆಸುವುದು ಒಳ್ಳೆಯದು.

ಅಪಾಯದ ಮಾತೊಂದಿದೆ. ಹಳೇ ಕಟ್ಟಡದಲ್ಲಿ ಡಾಂಬರಿನಂಥ ಕಪ್ಪು ಅಂಟು ಕಂಡರೆ ಅದನ್ನು ಉಜ್ಜಲೂ ಗ್ರೈಂಡರ್ ಹಚ್ಚಲೂ ಯಾರಿಗೂ ಬಿಡಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಮೊದಲು ಲ್ಯಾಬ್‌ನಲ್ಲಿ ಪರೀಕ್ಷೆಯಾಗಲಿ. ಬರೀ ಕಾಂಕ್ರೀಟ್ ಧೂಳಿನಲ್ಲೂ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುತ್ತದೆ. ಧೂಳು ಹೀರುವ ವ್ಯಾಕ್ಯೂಮ್ ಜೋಡಿಸದ ಗ್ರೈಂಡರ್ ಮನೆಯೊಳಗೆ ಬೇಡವೇ ಬೇಡ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಕೆಲಸದವರಿಗೂ ಸರಿಯಾದ ಮಾಸ್ಕ್ ಕೊಡಿಸಿ.

ಗುಳಿಗಳಿಗೆ ಗೋಡೆ ಪುಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿಸಿಕೊಳ್ಳಬೇಡಿ, ಸಿಮೆಂಟ್ ಆಧಾರಿತ ರಿಪೇರಿ ಮಿಶ್ರಣವೇ ಆಗಬೇಕು. ಕೂದಲೆಳೆಯಷ್ಟು ಸಣ್ಣ ಬಿರುಕನ್ನು ತುಂಬಿದರೆ ಸಾಕು. ಒಂದು ಬದಿ ಎತ್ತರ ಇನ್ನೊಂದು ಬದಿ ತಗ್ಗು ಆಗಿದ್ದರೆ ನೆಲ ಕದಲಿದೆ, ಕಾರಣ ತಿಳಿಯದೆ ಮುಚ್ಚಿಸಬೇಡಿ.

ಕೆಲಸ ಒಪ್ಪಿಸುವ ಮೊದಲೇ ಅಂಟು ತೆಗೆಯುವುದು, ತೇವದ ಪರೀಕ್ಷೆ, ಪ್ರೈಮರ್ ಮೂರನ್ನೂ ಬರೆಸಿಕೊಳ್ಳಿ. ಲೆವೆಲಿಂಗ್ ಸುರಿಯುವ ಮುನ್ನ ಬರಿನೆಲದ ಫೋಟೋ ತೆಗೆದಿಡಿ. ಒಣಗಿದ ಮೇಲೆ ಮೂಲೆಮೂಲೆಯನ್ನೂ ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅವರೆದುರಿಗೇ ತೋರಿಸಿ. ಅದು ಸರಿಯಾಗುವ ತನಕ ಬಾಕಿ ಹಣ ಕೊಡಬೇಡಿ.