ನವಜಾತ ಶಿಶು ಶುಶ್ರೂಷೆಯ ಡಿಪ್ಲೊಮಾ: ಸೇರುವವರಿಗೆ ತಿಳಿದಿರಬೇಕಾದದ್ದು

ದೊಡ್ಡವರ ವಾರ್ಡಿನಲ್ಲಿ ನಾಲ್ಕು ವರ್ಷ ದುಡಿದ ಬಳಿಕ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನವಜಾತ ಶಿಶು ಶುಶ್ರೂಷೆಯ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಿದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪಠ್ಯಕ್ರಮದ ಈ ಕೋರ್ಸು ಒಂದು ವರ್ಷದ್ದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಇಲ್ಲವೇ ಬಿಎಸ್ಸಿ ನರ್ಸಿಂಗ್ ಮುಗಿಸಿ, ನೋಂದಣಿ ಮಾಡಿಸಿಕೊಂಡು, ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು.

ಕಟ್ಟಿದ ಶುಲ್ಕಕ್ಕೆ ನ್ಯಾಯ ಸಿಕ್ಕಿದ್ದು ಲೆಕ್ಕದ ಅಭ್ಯಾಸದಲ್ಲಿ. ದೊಡ್ಡವರಿಂದ ಎರಡು ಮಿಲಿ ರಕ್ತ ತೆಗೆಯುವಾಗ ನಾನೆಂದೂ ಯೋಚಿಸಿದವಳಲ್ಲ. ಒಂದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 80ರಿಂದ 100 ಮಿಲಿ ಎಂಬುದು ಮೊದಲ ವಾರವೇ ಮನಸ್ಸಿಗೆ ನಾಟಿತು. ದಿನವೂ ಬೆಳಿಗ್ಗೆ ಔಷಧದ ಲೆಕ್ಕ ಬರೆಸುತ್ತಿದ್ದರು. ಕಿಲೋಗೆ 20 ಮಿಲಿಗ್ರಾಮಿನಂತೆ 900 ಗ್ರಾಮಿನ ಮಗುವಿಗೆ ಕೆಫೀನ್ ಸಿಟ್ರೇಟ್ ಕೊಡಬೇಕು, ಸೀಸೆಯಲ್ಲಿ ಮಿಲಿಗೆ 20 ಮಿಲಿಗ್ರಾಮ್ ಇದೆ, ಎಷ್ಟು ಎಳೆಯಬೇಕು? 0.9 ಮಿಲಿ. ದಶಾಂಶದ ಚುಕ್ಕೆ ಒಂದು ಸ್ಥಾನ ಸರಿದರೆ ಹತ್ತು ಪಟ್ಟು ಔಷಧ ಹೋಗುವುದರಿಂದ, ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಉತ್ತರ ತಾಳೆಯಾದ ಮೇಲೆಯೇ ಸಿರಿಂಜು ಹಿಡಿಯಬೇಕಿತ್ತು. ಒದ್ದೆಯಾದ ಡಯಾಪರನ್ನು ತೂಗಿ, ಹೆಚ್ಚಾದ ಪ್ರತಿ ಗ್ರಾಮನ್ನೂ ಒಂದು ಮಿಲಿ ಮೂತ್ರವೆಂದು ಬರೆಯುವುದು ಮೊದಮೊದಲು ನನಗೆ ನಗೆ ತರಿಸಿತ್ತು.

ಹಳೆಯ ಅಭ್ಯಾಸವನ್ನು ಮರೆಯುವುದು ಇನ್ನೂ ಕಷ್ಟ. ಮಾನಿಟರಿನಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 99 ಕಂಡರೆ ನೆಮ್ಮದಿಯಿಂದ ಮುಂದಿನ ಹಾಸಿಗೆಗೆ ಹೋಗುತ್ತಿದ್ದ ನಾನು, ಆಮ್ಲಜನಕದ ಮೇಲಿರುವ ಅವಧಿಪೂರ್ವ ಶಿಶುವಿನಲ್ಲಿ ಅದೇ ಅಂಕಿ ಕಂಡರೆ ಆಮ್ಲಜನಕವನ್ನು ಇಳಿಸಬೇಕೆಂದು ಕಲಿಯಬೇಕಾಯಿತು. ಅಕ್ಷಿಪಟಲಕ್ಕೆ ಹಾನಿಯಾಗದಂತೆ ಸಾಮಾನ್ಯವಾಗಿ 90ರಿಂದ 95ರೊಳಗೆ ಇರಿಸುತ್ತಾರೆ.

ದೂರುಗಳೂ ಇವೆ. ವೆಂಟಿಲೇಟರಿನ ಮೇಲಿರುವ ಮಗುವಿಗೆ ಒಬ್ಬ ನರ್ಸ್ ಇರಬೇಕೆಂದು ತರಗತಿಯಲ್ಲಿ ಬರೆದುಕೊಂಡ ನನಗೆ, ಆರು ತಿಂಗಳು ಕಳೆಯುವಷ್ಟರಲ್ಲಿ, ರಾತ್ರಿ ಡ್ಯೂಟಿಯಲ್ಲಿ ಅಂಥ ಎರಡು ಶಿಶುಗಳನ್ನು ಒಪ್ಪಿಸಿದರು. ಸಿಬ್ಬಂದಿ ರಜೆ ಹಾಕಿದಾಗಲೆಲ್ಲ ಪಾಠ ರದ್ದಾಗಿ, ನಾವೇ ಸಿಬ್ಬಂದಿಯಾಗುತ್ತಿದ್ದೆವು. ಶುಲ್ಕ ಮಾತ್ರ ವಿದ್ಯಾರ್ಥಿಯದೇ!

ಬಾಣಂತಿಯರ ಜೊತೆ ಮಾತನಾಡುವುದನ್ನು ಕಲಿಸಲು ಒಂದೇ ಒಂದು ಮಧ್ಯಾಹ್ನ ಮೀಸಲಾಗಿತ್ತು. ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಒರಗಿಸಿಡುವ ಕಾಂಗರೂ ಆರೈಕೆಯ ಲಾಭಗಳನ್ನು ನಾವು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದೆವು. ಆದರೆ ಹೊಲಿಗೆಯ ನೋವಿನಲ್ಲಿ ಕುಳಿತು, 'ಇಷ್ಟು ಸಣ್ಣದನ್ನ ನಾನು ಮುಟ್ಟಿದ್ರೆ ಏನಾದ್ರೂ ಆಗುತ್ತಾ ಸಿಸ್ಟರ್?' ಎಂದು ಕೇಳುವ ತಾಯಿಯ ಎದೆಯ ಮೇಲೆ ಟ್ಯೂಬು ಕದಲದಂತೆ ಮಗುವನ್ನು ಮಲಗಿಸುವುದನ್ನು ನನಗೆ ಕಲಿಸಿದವರು ವಾರ್ಡಿನ ಹಿರಿಯ ಸಿಸ್ಟರ್.

ಸೇರಬೇಕೆಂದಿರುವವರು ಶುಲ್ಕ ಕಟ್ಟುವ ಮೊದಲು, ಅಲ್ಲಿ ಈಗ ಓದುತ್ತಿರುವವರನ್ನು ಭೇಟಿಯಾಗಿ, ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಶಿಶುಗಳನ್ನು ಒಪ್ಪಿಸುತ್ತಾರೆಂದು ಕೇಳಿ.