ಚಿಗಟ ಏನೋ ಸತ್ವು, ಆದ್ರೆ ಎರಡು ದಿನ ನಮಗೆ ನಿದ್ದೆ ಇಲ್ಲ

ಫಿಪ್ರೊನಿಲ್ ಅನ್ನೋ ಚಿಗಟ ಸಾಯಿಸೋ ಔಷಧಿ ಇರೋ ಡ್ರಾಪ್ಸ್, ನಾಯಿ ಕತ್ತಿನ ಹಿಂದೆ ಹಾಕೋದು, ನಮ್ಮನೆ ಎರಡು ನಾಯಿಗೂ ಮೊದಲನೇ ಸಲ ತಂದಿದ್ದು. ಕೆಲಸದ ಬಗ್ಗೆ ತಕರಾರಿಲ್ಲ, ಮಾರನೇ ದಿನ ದೊಡ್ಡವನನ್ನ ಬಾಚಿದ್ರೆ ಬಾಚಣಿಗೆ ತುಂಬ ಸತ್ತ ಚಿಗಟ. ಆದ್ರೆ ಡಬ್ಬಿ ಒಳಗಿನ ಚೀಟಿ ಓದಿದ್ದು ಎಲ್ಲಾ ರಾದ್ಧಾಂತ ಆದ್ಮೇಲೆ.

ಹಾಕಿ ಒಂದು ಗಂಟೆ ಆಗಿಲ್ಲ, ಚಿಕ್ಕವಳು ಗೋಡೆಗೆ ಬೆನ್ನು ಉಜ್ಜೋಕೆ ಶುರು, ಸೋಫಾ ಕೆಳಗೆ ನುಗ್ತಾಳೆ, ಹೊರಗೆ ಬರ್ತಾಳೆ, ಮತ್ತೆ ಉಜ್ತಾಳೆ, ಕೂದಲು ಸರಿಸಿ ನೋಡಿದ್ರೆ ಹೆಬ್ಬೆರಳಗಲ ಕೆಂಪಗಾಗಿದೆ. ಅಷ್ಟರಲ್ಲಿ ದೊಡ್ಡವನು ಪ್ರೀತಿ ಉಕ್ಕಿ ಅದೇ ಜಾಗ ನೆಕ್ಕಿಬಿಟ್ಟ, ಬಾಯಿಂದ ನೊರೆ ನೊರೆ ಜೊಲ್ಲು! ನನಗೆ ಕೈಕಾಲೇ ಆಡ್ಲಿಲ್ಲ. ವೆಟ್‌ಗೆ ಫೋನ್ ಮಾಡಿದ್ರೆ, ಬಾಯಿ ಒರೆಸಿ ನೀರು ಕೊಡಿ, ಔಷಧಿ ಕಲಸಿರೋ ದ್ರವಕ್ಕೆ ಹಾಗಾಗುತ್ತೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ, ನಡುಕನೋ ತೂರಾಟನೋ ಬಿಡದೆ ವಾಂತಿನೋ ಆದ್ರೆ ಮಾತ್ರ ತಕ್ಷಣ ಕರ್ಕೊಂಡು ಬನ್ನಿ ಅಂದ್ರು. ಚಿಕ್ಕವಳನ್ನ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದ್ವಿ, ಆ ಜಿಡ್ಡು ಬಿಡೋಕೆ ಅದೇ ಬೇಕಂತೆ. ಕೆಂಪು ಇಳಿಯೋಕೆ ಎರಡು ದಿನ, ಅಲ್ಲಿ ಉದುರಿದ ಕೂದಲು ಇನ್ನೂ ಪೂರ್ತಿ ಬಂದಿಲ್ಲ.

ತಪ್ಪು ನಮ್ಮದೂ ಇದೆ ಬಿಡಿ. ಅವಳ ತೂಕ 9 ಕೆಜಿ, ನಾವು ಹಾಕಿದ್ದು 10ರಿಂದ 20 ಕೆಜಿ ನಾಯಿದು. ಒಂದು ಕೆಜಿ ಹೆಚ್ಚುಕಮ್ಮಿ ಏನಾಗುತ್ತೆ ಅಂದ್ರು ನಮ್ಮೆಜಮಾನ್ರು, ನಾನೂ ಹೂಂ ಅಂದೆ. ಆಮೇಲೆ ನೋಡಿದ್ರೆ 10 ಕೆಜಿ ಒಳಗಿನದಕ್ಕೆ 0.67 ಎಂಎಲ್, ಇದರಲ್ಲಿ 1.34, ಸರಿಯಾಗಿ ಡಬಲ್! ಇದನ್ನ ಡಬ್ಬಿ ಮೇಲೆ ದೊಡ್ಡದಾಗಿ ಹಾಕೋಕೆ ಇವರಿಗೇನು ಕಷ್ಟ.

ಮನೇಲಿ ಬೆಕ್ಕಿದ್ರೆ ಪರ್ಮೆತ್ರಿನ್ ಅನ್ನೋ ಬೇರೆ ಕೀಟನಾಶಕ ಇರೋ ಡ್ರಾಪ್ಸ್ ಮಾತ್ರ ತರಲೇಬೇಡಿ, ಹಾಕಿರೋ ನಾಯಿಗೆ ಒರಗಿ ಮಲಗಿದ್ರೂ ಬೆಕ್ಕಿಗೆ ಫಿಟ್ಸ್ ಬರ್ಬೋದು. ಮತ್ತೆ 8 ವಾರದೊಳಗಿನ ಮರಿಗೆ ನಾವು ತಂದ ಈ ಫಿಪ್ರೊನಿಲ್ ಡ್ರಾಪ್ಸ್ ಹಾಕೋ ಹಾಗಿಲ್ಲ.

ಮುಂದಿನ ತಿಂಗಳು ವೆಟ್‌ನ ಕೇಳ್ಕೊಂಡೇ ಸರಿಯಾದ ಅಳತೇದು ಹಾಕಿದ್ವಿ, ನೆಕ್ಕೋಕೆ ಸಿಗದ ಹಾಗೆ ಎರಡು ಭುಜದ ಮಧ್ಯೆ, ಕೂದಲು ಬಿಡಿಸಿ ನೇರ ಚರ್ಮಕ್ಕೆ, ಒಣಗೋವರೆಗೂ ಇಬ್ರೂ ಬೇರೆ ಬೇರೆ ರೂಮಲ್ಲಿ. ಸ್ವಲ್ಪ ಜಿಡ್ಡು ಬಿಟ್ರೆ ಏನೂ ಆಗ್ಲಿಲ್ಲ. 5ಕ್ಕೆ 3 ಸ್ಟಾರ್, ಕಟ್ ಮಾಡಿದ್ದು ಆ ಸೂಜಿ ಅಕ್ಷರಕ್ಕೆ.