ಡೈವಿಂಗ್ ಸಾಮಾನು ತೊಳೆಯೋಕೆ ಟಬ್ಬಾ, ಪೈಪಾ?

ನೇತ್ರಾಣಿಯಲ್ಲೋ ಗೋವಾದಲ್ಲೋ ಮುಳುಗಿ ಬೆಳಗಾವಿಗೆ ವಾಪಸ್ ಬರುವಷ್ಟರಲ್ಲಿ ಉಪ್ಪು ಒಣಗಿ ಹರಳು ಕಟ್ಟಿರುತ್ತದೆ. ನಳಕ್ಕೆ ಪೈಪ್ ಹಚ್ಚಿ ಸುಮ್ನೆ ನೀರು ಹೊಡೆದರೆ ಮೇಲಿನ ಮರಳು ಹೋಗುತ್ತದೆ, ಸಂದಿಯೊಳಗಿನ ಹರಳು ಅಲ್ಲೇ ಉಳಿಯುತ್ತದೆ. ಟಬ್ಬಿನ ಉಗುರುಬೆಚ್ಚನೆ ನೀರಲ್ಲಿ ನೆನೆಸಿದರೆ ನಿಧಾನಕ್ಕೆ ಕರಗುತ್ತದೆ.

ಹಾಗಾಗಿ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್‌ಗೆ ನನ್ನ ಓಟು ಟಬ್ಬಿಗೇ. ಮೊದಲು ಡಸ್ಟ್ ಕ್ಯಾಪ್ ಒರೆಸಿ, ಒಣಗಿಸಿ, ಸಿಲಿಂಡರಿಗೆ ಸಿಗಿಸುವ ಭಾಗವಾದ ಫಸ್ಟ್ ಸ್ಟೇಜ್‌ಗೆ ಬಿಗಿಯಾಗಿ ಹಾಕಿ. ಟಬ್ಬಿನ ನೀರಲ್ಲಿರುವಾಗ ಪರ್ಜ್ ಬಟನ್ (ಬಾಯಿಗಿಡುವ ಭಾಗದ ಮೇಲಿನ ಗುಂಡಿ) ಒತ್ತಲೇಬೇಡಿ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸ್‌ನೊಳಗೆ ನುಗ್ಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಹುಷಾರು, ಗುಂಡಿ ಕಂಡರೆ ಒತ್ತದೇ ಬಿಡ್ತಾರಾ?

ಬಿಸಿಡಿಗೆ, ಅಂದ್ರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್‌ಗೆ, ಪೈಪೇ ವಾಸಿ. ಇನ್‌ಫ್ಲೇಟರ್ (ಗಾಳಿ ತುಂಬುವ ಕೊಳವೆ) ಬಾಯಿಂದ ಒಳಗೂ ನೀರು ಬಿಟ್ಟು, ಅಲ್ಲಾಡಿಸಿ, ತಲೆಕೆಳಗು ಮಾಡಿ ಬಸಿಯಿರಿ. ಆಮೇಲೆ ಸ್ವಲ್ಪ ಗಾಳಿ ತುಂಬಿಸಿ ಇಡಿ. ಫಿನ್ಸ್, ಮಾಸ್ಕ್‌ಗೆ ಯಾವುದಾದರೂ ನಡೆಯುತ್ತದೆ.

ಬೋರಿನ ಗಡಸು ನೀರೂ ಉಪ್ಪು ತೆಗೆಯುತ್ತದೆ, ಆದರೆ ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ರಕ್ಕಸಕೊಪ್ಪ ಜಲಾಶಯದ್ದೋ ಹಿಡಕಲ್‌ದ್ದೋ ನಳದ ನೀರು ಬಂದ ದಿನ ಎರಡು ಕೊಡ ಎತ್ತಿಟ್ಟುಕೊಂಡು ಕೊನೆಯ ಜಾಲಾಟಕ್ಕೆ ಬಳಸಿ. ವೆಟ್‌ಸೂಟ್ ಮಾತ್ರ ಮಾಳಿಗೆಯ ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಗೆ ಹಾಕಿ.